ತವರಿಗೆ ಬರುವ ಬಿಳಿ ಹಕ್ಕಿಗಳು

ಕಾರ್ತಿಕ ಕಳೆದು ಗಂಗೆಯ ಮೇಲೆ ಮಂಜು ಕೂರತೊಡಗಿದರೆ ತುಂಗಾಬಾಯಿಯ ಒಲೆಗೆ ಬಿಡುವಿರುತ್ತಿರಲಿಲ್ಲ. ಬಂಗಾಲಿ ಟೋಲಾದ ಗಲ್ಲಿಯೊಳಗೆ, ಯಾತ್ರಿಕರ ವಸತಿಮನೆಯ ಹಿಂದಿನ ಕೋಣೆಯಲ್ಲಿ ಕೂತು ಆಕೆ ಕಡಲೆಹಿಟ್ಟಿನ ಸೇವು ಒತ್ತುತ್ತಿದ್ದಳು. ಗದಗಿನ ಕಡೆಯಿಂದ ಗಂಡನ ಜೊತೆ ಕಾಶೀವಾಸಕ್ಕೆಂದು ಬಂದವಳು. ಗಂಡ ಚಿದಾನಂದ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಯಾತ್ರಿಕರಿಗೆ ರೊಟ್ಟಿ ತಟ್ಟುವುದು, ಚಳಿಗಾಲದಲ್ಲಿ ಸೇವು ಒತ್ತುವುದು, ಇಷ್ಟೇ ಬದುಕು.

ಆ ಸೇವು ಮನುಷ್ಯರಿಗಲ್ಲ, ಹಕ್ಕಿಗಳಿಗೆ. ಚಳಿಗಾಲಕ್ಕೆ ದೂರದೇಶದಿಂದ ಬಂದು ನೀರಿಗಿಳಿಯುವ ಬಿಳಿ ಹಕ್ಕಿಗಳಿಗೆ ದೋಣಿಯ ಪ್ರವಾಸಿಗರು ಸೇವು ಎರಚುತ್ತಾರೆ. ಅವು ಗಾಳಿಯಲ್ಲೇ ಹಿಡಿದು ನುಂಗುತ್ತವೆ. ದೋಣಿ ನಡೆಸುವ ಲಲ್ಲನ್ ಆಕೆಯ ಪೊಟ್ಟಣಗಳನ್ನು ಮಾರುತ್ತಿದ್ದ. ಉಳಿದ ದೋಣಿಗಳಲ್ಲಿ ಅಂಗಡಿಯ ಕಮಟು ಸೇವು. ತುಂಗಾಬಾಯಿ ಮಾತ್ರ ಖಾರ ಹಾಕದೆ, ಚಿಟಿಕೆ ಉಪ್ಪಿನಲ್ಲಿ, ಎಳೆಮಕ್ಕಳಿಗೆ ಮಾಡಿದ ಹಾಗೆ ಮಾಡುತ್ತಿದ್ದಳು. ಆಗಾಗ ತಾನೂ ದೋಣಿ ಹತ್ತಿ, "ಬರ್ರೇ ನಮ್ಮವ್ವಾ, ಬರ್ರೀ" ಎಂದು ಕರೆದರೆ ಹಕ್ಕಿಗಳು ಮುತ್ತಿಕೊಳ್ಳುತ್ತಿದ್ದವು. ಆಕೆಗೆ ಅವು ತವರಿಗೆ ಬಂದ ಹೆಣ್ಣುಮಕ್ಕಳು. ಶಿವರಾತ್ರಿ ಮುಗಿದು ಅವು ಹೊರಟವೆಂದರೆ ಗಂಗೆಯೇ ಬಿಕೋ ಎನ್ನುತ್ತಿತ್ತು.

ಎರಡು ಸಾವಿರದ ಆರನೆಯ ಇಸವಿಯ ಚಳಿಗಾಲ. ಮೈಸೂರಿನ ಹುಡುಗಿ ಕಾತ್ಯಾಯನಿ ಆಕೆಯ ಕೈಯ ಊಟಕ್ಕೆ ಬರುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಹಕ್ಕಿಗಳ ಬಗ್ಗೆ ಓದುತ್ತ, ಭಾನುವಾರ ಪ್ರವಾಸಿಗರನ್ನು ಲಲ್ಲನ್‌ನ ದೋಣಿಯಲ್ಲಿ ಹಕ್ಕಿ ನೋಡಲು ಕರೆದೊಯ್ಯುತ್ತಿದ್ದವಳು. ಬಹಳ ದಿನ ನುಂಗಿಕೊಂಡಿದ್ದ ಮಾತನ್ನು ಒಂದು ಮಧ್ಯಾಹ್ನ ಆಡಿಯೇ ಬಿಟ್ಟಳು.

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ಕರಿದಿದ್ದು ಅವುಗಳಿಗೆ ಆಗಿಬರಲ್ಲ. ಮೀನು ತಿನ್ನೋ ಹಕ್ಕಿ ಅವು."

ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಅಂದ್ರ ನಾ ವಿಷ ಹಾಕೇನೇನು?"

"ವಿಷ ಅಂದ್ನಾ ನಾನು?"

"ತವರಿಗೆ ಬಂದವರನ್ನ ಬರಿಗೈಲೆ ಕಳಸ್ತಾರೇನ, ನಿಮ್ಮ ಮೈಸೂರಾಗ?"

ಕಾತ್ಯಾಯನಿ ಸೀದ ರೊಟ್ಟಿಯನ್ನು ಹೆಂಚಿನಿಂದ ತೆಗೆದಿಟ್ಟಳು. "ಈ ಭಾನುವಾರ ನನ್ನ ಜೊತೆ ಬನ್ನಿ ಅಜ್ಜಿ. ಸೇವು ಬೇಡ, ನೀವಷ್ಟೇ ಬನ್ನಿ."

ಅಂದಿನಿಂದ ತುಂಗಾಬಾಯಿ ಹಿಟ್ಟಿನ ಡಬ್ಬಿ ತೆರೆಯುವುದು, ಮುಚ್ಚುವುದು. ವ್ಯಾಪಾರ ಹೋದೀತೆಂಬ ಚಿಂತೆ ಇತ್ತು, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು: ಇಷ್ಟು ವರ್ಷ ಅವು ಬಂದದ್ದು ಸೇವಿಗೋ, ತನಗೋ? ಭಾನುವಾರ ಹೊರಡುವಾಗ ಮನಸ್ಸು ತಡೆಯದೆ, ಉಳಿದಿದ್ದ ಒಂದು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಯಾತ್ರಿಕರಿಂದ ಅಷ್ಟಿಷ್ಟು ಕನ್ನಡ ಕಲಿತಿದ್ದ ಲಲ್ಲನ್ ಘಾಟಿನಲ್ಲೇ ಕೆಣಕಿದ. "ಅಮ್ಮಾ, ಸೇವು ಇಲ್ಲ? ಹಕ್ಕಿ ಹೇಳ್ತದೆ, ಮುದುಕಿ ಕಂಜೂಸ್ ಆಯ್ತು!"

"ಬಾಯಿ ಮುಚ್ಚಿ ಹುಟ್ಟು ಹಾಕೋ, ಮೂಳಾ."

ನಡುನೀರಿನಲ್ಲಿ ಮಂಜು ಚದುರಿತು. ಪ್ರವಾಸಿಗರು ದುರ್ಬೀನು ಹಿಡಿದು ಸುಮ್ಮನೆ ಕೂತರು. ತುಂಗಾಬಾಯಿ ಬರಿಯ ಅಂಗೈ ಚಾಚಿದಳು. ಆಮೇಲೆ ಮೆಲ್ಲಗೆ ಕರೆದಳು.

"ಬರ್ರೇ ನಮ್ಮವ್ವಾ..."

ಬಂದವು. ಚಾಚಿದ ಅಂಗೈಯ ಸುತ್ತ ಸುತ್ತಿದವು; ಒಂದರ ರೆಕ್ಕೆಯ ಗಾಳಿ ಕೆನ್ನೆಗೆ ತಾಗಿತು. ಬರಿಗೈ ಕಂಡು ಕೂಗಿಕೊಂಡವು, ಇನ್ನೊಂದು ಸುತ್ತು ಹಾಕಿದವು, ಆಮೇಲೆ ಒಟ್ಟಿಗೇ ತಿರುಗಿ ಹೋದವು.

"ಹೋದುವು," ಎಂದಳು. ಕೈ ತಾನಾಗಿ ಸೊಂಟದ ಪೊಟ್ಟಣಕ್ಕೆ ಹೋಯಿತು. ಕಾತ್ಯಾಯನಿ ಅದನ್ನು ಕಂಡರೂ ಕಾಣದವಳಂತೆ ದುರ್ಬೀನನ್ನು ಆಕೆಯ ಕಣ್ಣಿಗೆ ಹಿಡಿದಳು. "ಎಲ್ಲಿಗೆ ಹೋದ್ವು ನೋಡಿ, ಅಜ್ಜಿ."

ಆಚೆ ಮರಳುದಂಡೆಯ ಬಳಿ ಒಂದು ಹಕ್ಕಿ ಗಾಳಿಯಲ್ಲಿ ಒಂದು ಗಳಿಗೆ ನಿಂತು, ನೀರಿಗೆ ಬಿದ್ದು, ಎದ್ದಿತು. ಕೊಕ್ಕಿನಲ್ಲಿ ಬೆಳ್ಳಿ ಚೂರಿನಂಥ ಮೀನು. ಅದರ ಹಿಂದೆ ಇನ್ನೊಂದು, ಮತ್ತೊಂದು. ಇಷ್ಟು ವರ್ಷ ತನ್ನ ಮುಂದೆ ತೆರೆದ ಕೊಕ್ಕುಗಳನ್ನಷ್ಟೇ ಕಂಡಿದ್ದ ತುಂಗಾಬಾಯಿ ದುರ್ಬೀನನ್ನು ತಾನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೈತುತ್ತು ಬೇಡವೆಂದು ಮುಖ ತಿರುಗಿಸಿದ ಕೂಸು, ತಾನೇ ತಟ್ಟೆಗೆ ಕೈಯಿಟ್ಟು ಉಂಡಂತೆ.

"ಅಯ್ಯ ನನ್ನವ್ವ, ತಿನ್ನಲಿಕ್ಕೆ ಬರ್ತದಲ್ಲ ಇವಕ್ಕ!"

ಬಹಳ ಹೊತ್ತು ನೋಡಿದಳು. ದೋಣಿ ತಿರುಗಿಸುವಾಗ ಸೊಂಟದ ಪೊಟ್ಟಣ ಬಿಚ್ಚಿ ಲಲ್ಲನ್‌ನ ಕೈಗೆ ಸುರಿದಳು. "ನೀ ತಿನ್ನು. ಎಲ್ಲಾರಿಗೂ ಕೊಡು."

ಲಲ್ಲನ್ ಬಾಯಿಗೆ ಹಾಕಿಕೊಂಡು ಮುಖ ಹಿಂಡಿದ. "ಅಮ್ಮಾ, ಉಪ್ಪಿಲ್ಲ, ಖಾರ ಇಲ್ಲ!"

"ಅದು ಅವಕ್ಕ ಮಾಡಿದ್ದು," ಎಂದಳು ತುಂಗಾಬಾಯಿ, ಕಣ್ಣು ಇನ್ನೂ ಮರಳುದಂಡೆಯ ಮೇಲೇ. "ಬರೋ ಭಾನುವಾರ ನಿಮಗ ಮಾಡ್ತೀನಿ. ಖಾರ ಹಾಕಿ."