ಮೊನೆಯಿಲ್ಲದ ರೊಪ್ಪದ ಚಾಕು

೧೯೮೧ರ ಆಗಸ್ಟ್ ೧೬, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ನನ್ನ ಡೈರಿಯಲ್ಲಿ ಚಾಕುಗಳ ಲೆಕ್ಕ ಶುರುವಾದದ್ದು ಆಗ. ಮಧುಗಿರಿಯ ನಮ್ಮ ಮನೆಯಲ್ಲಿ ಅಡಕತ್ತರಿ ಎಲ್ಲೋ ಸೇರಿಹೋಗಿತ್ತು. ಅಜ್ಜಿ ಟ್ರಂಕಿನಿಂದ ತಾತನ ಮಡಚುವ ಚಾಕು ತೆಗೆದು ಅಡಿಕೆ ಹೋಳು ಮಾಡಲು ಕೂತರು. ಕೆಲಸ ಮುಗಿಸಿ ಅದನ್ನು ಮಡಚಿದಾಗ ಟಕ್ ಎಂದು ಒಂದು ಸದ್ದು ಬಂತು, ಒಳ್ಳೆಯ ಮರದ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಾಗ ಬರುವಂಥದ್ದು. ನಾನು ಕೈ ಚಾಚಿದೆ. ಅಜ್ಜಿ ಕೈಗೆ ಕೊಡದೆ ನೆಲದ ಮೇಲಿಟ್ಟರು. ಕಬ್ಬಿಣ ಕೈಯಿಂದ ಕೈಗೆ ಹೋದರೆ ಜಗಳವಾಗುತ್ತದೆಂಬುದು ನಮ್ಮ ಕಡೆಯ ಎಲ್ಲ ಮನೆಗಳ ನಂಬಿಕೆ.

ಅಲಗಿನ ಬುಡದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಿದ್ದವು. ಭೂತಗನ್ನಡಿ ಹಿಡಿದು ಓದಿದರೆ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಹೆಸರು. ಮಧುಗಿರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಚಾಕು ಅಲ್ಲಿಂದ ಬಂದದ್ದೆಂದು ತಿಳಿದ ಮೇಲೆ ನನಗೆ ಸುಮ್ಮನೆ ಇರಲಾಗಲಿಲ್ಲ.

ಆಗ ನಾನು ಸೋದರಮಾವನ ಸೈಕಲ್ ಬಿಡಿಭಾಗಗಳ ಅಂಗಡಿಯಲ್ಲಿದ್ದೆ. ಟೈರು, ಟ್ಯೂಬು, ಚೈನುಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಶಿರಾ, ಕೊರಟಗೆರೆ, ಪಾವಗಡದ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಹೋದಲ್ಲೆಲ್ಲ ಹಳೆಯ ಮಡಚುವ ಚಾಕು ಇದೆಯೇ ಎಂದು ಕೇಳತೊಡಗಿದೆ. ಯುದ್ಧಕ್ಕೆ ಹೋಗಿ ಬಂದವರು, ಚಿನ್ನದ ಗಣಿಯಲ್ಲಿ ದುಡಿದು ಬಂದವರು ಜೇಬಿನಲ್ಲಿ ತಂದದ್ದು ಅನೇಕ ಮನೆಗಳಲ್ಲಿ ಉಳಿದಿತ್ತು. ಕೆಲವರು ಕೊಟ್ಟರು, ಕೆಲವರು ತೋರಿಸಿದರು. ಕೊಡದವರ ಚಾಕುವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ಲಿನಿಂದ ಗೀಟು ಹಾಕಿಕೊಳ್ಳುತ್ತಿದ್ದೆ. ಮಾವ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು: "ಹೆದರ್ಕೋಬ್ಯಾಡಿ, ಇವನು ಚಾಕು ಹಾಕೋನಲ್ಲ, ಎಣ್ಸೋನು."

ಗುರುತು ಹಿಡಿಯಲು ಕಲಿಸಿದ್ದು ಅಂಗಡಿಯ ಅಟ್ಟದಲ್ಲಿ ಸಿಕ್ಕ ಹಳೆಯ ಕಬ್ಬಿಣದ ಸಾಮಾನಿನ ಕೆಟಲಾಗು. ಅದರ ಅರ್ಧ ಹಾಳೆಗಳನ್ನು ಇಲಿ ತಿಂದಿತ್ತು. ಒಂದು ಅಲಗಿರಲಿ, ಎರಡಿರಲಿ, ಎಲ್ಲವೂ ಹಿಡಿಯ ಒಂದೇ ತುದಿಯಿಂದ ತೆರೆದರೆ ಅದು ಜ್ಯಾಕ್ ಚಾಕು. ಎರಡು ತುದಿಯಿಂದಲೂ ತೆರೆದರೆ ಬೇರೆ ಜಾತಿ. ಜ್ಯಾಕ್ ಚಾಕುವಾದರೆ ತೆರೆಯುವ ತುದಿಗೆ ಕಬ್ಬಿಣದ ಗಟ್ಟಿ ತೊಪ್ಪಿ, ಹಿಡಿಗೆ ಕೊಂಬು ಅಥವಾ ಮೂಳೆ ಅಥವಾ ಕರಿಮರ, ಬೆನ್ನಿನಲ್ಲಿ ಒಂದು ಸ್ಪ್ರಿಂಗು, ಎಲ್ಲವನ್ನೂ ಹಿಡಿದಿರುವ ಹಿತ್ತಾಳೆ ಮೊಳೆಗಳು. ಅಲಗನ್ನು ತೆರೆದಾಗ ಸ್ಪ್ರಿಂಗಿನ ಬೆನ್ನೂ ಅಲಗಿನ ಬೆನ್ನೂ ಒಂದೇ ಮಟ್ಟಕ್ಕೆ ಬರುತ್ತವೆ, ಬೆರಳು ಸವರಿದರೆ ಸಂದು ಸಿಗುವುದಿಲ್ಲ. ನಲವತ್ತು ವರ್ಷ ಹೊಲದಲ್ಲಿ, ಬೆವರಿನಲ್ಲಿ, ಮಣ್ಣಿನಲ್ಲಿ ಇದ್ದ ಚಾಕುಗಳಲ್ಲೂ ಸಿಗುತ್ತಿರಲಿಲ್ಲ. ಮಾಡಿದವರ ಮೇಲೆ ನನಗಿರುವ ಗೌರವ ಆ ಜಾಗವನ್ನು ಮುಟ್ಟಿದಾಗಲೆಲ್ಲ ಹೆಚ್ಚುತ್ತದೆ.

ಒಂಬತ್ತನೆಯ ಚಾಕು ಕೊಟ್ಟವರು ಶಿರಾದಲ್ಲಿ ಸಾಣೆ ಹಿಡಿಯುವ ಒಬ್ಬ ಸಾಬರು. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಮಡಚಿದರು. "ಆವಾಜ್ ಕೇಳು ಬೇಟಾ. ಅಸಲಿ ವಿಲಾಯ್ತಿ. ಸಾಣೆಗೆ ಕೊಟ್ಟೋರು ವಾಪಸ್ ಬರ್ಲೇ ಇಲ್ಲ. ನೀನಾದ್ರೂ ಇಟ್ಕೋ." ಸದ್ದು ಸೊಗಸಾಗಿತ್ತು. ಅಲಗು ಮಾತ್ರ ನನಗೆ ಹಿಡಿಸಲಿಲ್ಲ. ಬಾಯಿ ಗೆರೆ ಎಳೆದಂತೆ ನೇರ, ಬೆನ್ನು ನಿಧಾನವಾಗಿ ಇಳಿದು ಬಾಯಿಗೆ ಸೇರಿತ್ತು, ಚುಚ್ಚುವ ಮೊನೆಯೇ ಇರಲಿಲ್ಲ. ನಮ್ಮಲ್ಲಿ ಹೊಸ್ತಿಲ ಕಲ್ಲಿಗೆ ಮಸೆದು ಮಸೆದು ಚಾಕುಗಳು ಸವೆಯುವುದು ಸಾಮಾನ್ಯ. 'ತುದಿ ಸವೆದದ್ದು' ಎಂದು ಬರೆದು ಡಬ್ಬಿಯ ತಳಕ್ಕೆ ಹಾಕಿದೆ. ಆಮೇಲೆ ಕೊರಟಗೆರೆಯಲ್ಲಿ ವೀಳ್ಯದೆಲೆ ಮಾರುವವರೊಬ್ಬರ ಬಳಿ ಅಂಥದೇ ಇನ್ನೊಂದು ಕಂಡಿತು. ಅವರು ಕೊಡಲಿಲ್ಲ. ಗೀಟು ಹಾಕಿಕೊಂಡು ಅದರ ಕೆಳಗೂ 'ತುದಿ ಸವೆದದ್ದು' ಎಂದೇ ಬರೆದೆ.

೧೯೮೩ರ ದೀಪಾವಳಿಗೆ ಮುಂಚಿನ ವಾರ ಪಾವಗಡ ತಾಲೂಕಿನ ಕ್ಯಾತಗಾನಚೆರ್ಲು ಕಡೆಯ ಒಂದು ಕುರಿಗಾಹಿಗಳ ಹಟ್ಟಿಗೆ ಸೈಕಲ್ ಟೈರು ಕೊಡಲು ಹೋಗಿದ್ದೆ. ಮುಳ್ಳುಬೇಲಿಯ ಕುರಿದೊಡ್ಡಿಗೆ ಅಲ್ಲಿ ರೊಪ್ಪ ಎನ್ನುತ್ತಾರೆ. ರೊಪ್ಪದ ಬಾಗಿಲಲ್ಲಿ ಮನೆಯ ಹಿರಿಯರು ಒಂದು ಕುರಿಯ ಕಾಲು ಹಿಡಿದುಕೊಂಡು ಕೂತಿದ್ದರು. ಮಳೆಗಾಲದ ಕೆಸರಿನಲ್ಲಿ ಗೊರಸು ಬೆಳೆದು ಒಳಕ್ಕೆ ಮಡಚಿಕೊಂಡಿತ್ತು. ಇನ್ನೂ ಹದಿನೆಂಟು ಕುರಿಗಳು ಹಾಗೇ ಕುಂಟುತ್ತಿದ್ದವು. ಹಬ್ಬ ಕಳೆದ ಮೂರನೆಯ ದಿನ ಮಂದೆ ಹೊರಡಬೇಕು, ಹೊಲದಿಂದ ಹೊಲಕ್ಕೆ ನಡೆಯಬೇಕು. ಕುಂಟುವ ಕುರಿ ಹಿಂದೆ ಬೀಳುತ್ತದೆ, ಹಿಂದೆ ಬಿದ್ದದ್ದು ತೋಳಕ್ಕೆ ಹೋಗುತ್ತದೆ.

"ಕುಡುಗೋಲಲ್ಲಿ ಕೆತ್ತಬಾರದಾ ತಾತ?" ಎಂದೆ.

"ನಮ್ ಹುಡುಗ್ರು ಹಂಗೇ ಮಾಡಿ ಮೊನ್ನೆ ಒಂದರ ಪಾದ ಚುಚ್ಚಿಕ್ಕವ್ರೆ. ನಮ್ ರೊಪ್ಪಕ್ಕೆ ಮೊನೆ ಇರೋ ಕಬ್ಣ ಬರಂಗೇ ಇಲ್ಲ ಕಣಪ್ಪ. ಒಂದು ಚಾಕು ಇತ್ತು, ಮಡಚಾದು. ನಮ್ಮಪ್ಪ ಪಟಾಲಮ್ಮಿನಿಂದ ತಂದಿದ್ದು. ಬಂಡೆ ಮ್ಯಾಲೆ ತಿಕ್ಕಿ ತಿಕ್ಕಿ ಅದರ ಮೂತಿ ಇಳಿಸ್ಬುಟ್ಟಿದ್ದ. ಹೋದ ವರ್ಷ ಬಡವನಹಳ್ಳಿ ಸಂತೆ ದಾಟಿ ಬರೋವಾಗ ಎಲ್ಲೋ ಜಾರ್ಬುಡ್ತು. ಅಂಗಡೀಲಿ ಸಿಗಾದಲ್ಲ ಅದು."

ಒಲೆಯ ಮುಂದಿದ್ದ ಅವರ ಹೆಂಡತಿ ತಿರುಗಿಯೂ ನೋಡದೆ ಹೇಳಿದರು: "ಒರ್ಸದಿಂದ ಇದೇ ಪುರಾಣ. ನಾನು ಕಳ್ದೋಗಿದ್ರೂ ಇಷ್ಟು ಹುಡುಕ್ತಿರ್ಲಿಲ್ಲ."

"ನೀನೆಲ್ಲಿ ಕಳ್ದೋಗ್ತೀಯ? ಮೂರು ಹೊಲದಾಚೆ ಇದ್ರೂ ಕೇಳಿಸ್ತೀಯ."

ಕಳೆದ ಚಾಕು ಹೇಗಿತ್ತೆಂದು ಕೇಳಿದೆ. ಅವರು ಬೆರಳಿನಿಂದ ಮಣ್ಣಿನಲ್ಲಿ ಒಂದು ನೇರ ಗೆರೆ ಎಳೆದು, ಅದರ ಮೇಲೆ ನಿಧಾನವಾಗಿ ಇಳಿಯುವ ಇನ್ನೊಂದು ಗೆರೆ ಸೇರಿಸಿದರು.

ಆ ಸಂಜೆ ಮಧುಗಿರಿಗೆ ಬಂದವನೇ ಒಂಬತ್ತನೆಯ ಚಾಕುವಿಗೂ ಗೀಟು ಹಾಕಿ, ಅದನ್ನೂ ಕೊರಟಗೆರೆಯ ಗೀಟನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಗೆರೆಗಳು ಒಂದಾದವು. ಇಬ್ಬರು ಎರಡು ಊರಿನಲ್ಲಿ ಎರಡು ಕಲ್ಲಿಗೆ ಮಸೆದರೆ ಚಾಕುಗಳು ಹೀಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸವೆಯುವುದು ಸಾಧ್ಯವಿಲ್ಲ. ಇವು ಸವೆದವಲ್ಲ. ಮಾಡಿದವರೇ ಮೊನೆಯಿಲ್ಲದೆ ಮಾಡಿದ್ದರು.

ಮರುದಿನ ಮೊದಲ ಬಸ್ಸಿಗೆ ಹಟ್ಟಿಗೆ ಹೋದೆ. ಒಂಬತ್ತನೆಯ ಚಾಕುವನ್ನು ಹಟ್ಟಿಯ ತಾತನ ಮುಂದೆ ನೆಲದ ಮೇಲಿಟ್ಟೆ. ಅವರು ಎತ್ತಿಕೊಂಡು ಅಲಗು ನೋಡುವ ಮೊದಲೇ ಉಗುರು ಹಾಕಿ ತೆರೆದರು. ಮುಖ ಅರಳಿತು. ಹೆಬ್ಬೆರಳು ಹಿಡಿಯ ನಡುವಿಗೆ ಬಂದು ನಿಂತಿತು. ಚಾಕುವನ್ನು ಮಡಚಿ ಮತ್ತೆ ನೆಲಕ್ಕಿಟ್ಟರು.

"ಕಾದು, ಕಾದು," ಎಂದು ತೆಲುಗಿನಲ್ಲೇ ಅಂದರು. "ನಂದಲ್ಲ ಇದು. ನಂದ್ರಲ್ಲಿ ನಡುವಿನ ಮೊಳೆ ತಾಮ್ರದ್ದು. ಹಿತ್ತಾಳೇದು ಬಿದ್ದೋಗಿ, ತಂತಿ ಹೊಡಿಸಿದ್ದೆ. ಇದರ ಮೂತಿ ತಿಕ್ಕಿದ್ದು ಯಾರಪ್ಪ?"

"ಯಾರೂ ತಿಕ್ಕಿಲ್ಲ ತಾತ. ವಿಲಾಯ್ತಿಯಲ್ಲಿ ಹುಟ್ಟಿದ್ದೇ ಹಿಂಗೆ." ಗೀಟುಗಳನ್ನು ಬಿಸಿಲಿಗೆ ಹಿಡಿದು ತೋರಿಸಿದೆ.

ಹೇಳಿದ ಮೇಲೆ ನನಗೆ ಹೊಳೆಯಿತು: ಕಳೆದ ಚಾಕುವೂ ಹುಟ್ಟಿದ್ದೇ ಹಾಗಿದ್ದರೆ, ಅವರ ಅಪ್ಪ ಮೂತಿ ಇಳಿಸಿದ ಕಥೆ ನಿಲ್ಲುವುದಿಲ್ಲ. ಮನೆಯವರು ಅಪ್ಪನನ್ನು ನೆನೆಯುತ್ತಿದ್ದದ್ದೇ ಆ ಕೆಲಸದಿಂದ. ಹಟ್ಟಿಯ ಅಜ್ಜಿ ಮುದ್ದೆ ತಿರುವುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು. ತಾತ ಕಾಗದದ ಗೆರೆಯ ಮೇಲೆ ಬೆರಳು ಎಳೆದರು.

"ಆ ದೇಶದಾಗೂ ಕುರಿ ಅವೇನು?"

"ಅವೆಯಂತೆ. ಬೇಕಾದಷ್ಟು."

"ಮಳೆ?"

"ವರ್ಷವೆಲ್ಲಾ."

"ಹಂಗಾದ್ರೆ ಅಲ್ಲೂ ಕುಂಟ್ತಾವೆ." ಅವರು ತಲೆಯಾಡಿಸಿದರು. "ನಮ್ಮಪ್ಪಂಗೆ ತಿಳಿದಿದ್ದು ಅವ್ರಿಗೂ ತಿಳಿದೈತೆ. ಸರೆ."

"ಮುದ್ದೆ ಆರೋಗ್ತೈತೆ. ಚಾಕು ಎತ್ಕೊಂಡು ಏಳು," ಎಂದರು ಅಜ್ಜಿ.

ಅವರು ಎತ್ತಿಕೊಂಡರು. ಮುದ್ದೆಗೆ ಮಾತ್ರ ಏಳಲಿಲ್ಲ. ಒಂದು ಕುರಿಯನ್ನು ಅಂಡಿನ ಮೇಲೆ ಕೂರಿಸಿ, ಬೆನ್ನನ್ನು ತಮ್ಮ ಮೊಣಕಾಲುಗಳ ನಡುವೆ ಒತ್ತಿ ಹಿಡಿದರು. ಅದು ಅಜ್ಜನ ಮಡಿಲಲ್ಲಿ ಕೂತ ಮಗುವಿನಂತೆ ಸುಮ್ಮನಾಯಿತು. ಹೆಬ್ಬೆರಳು ಅಲಗಿನ ಬೆನ್ನಿನ ಮೇಲೆ. ನೇರವಾದ ಬಾಯಿ ಗೊರಸಿನ ತಳಕ್ಕೆ ಪೂರ್ತಿ ಒರಗಿ ಕೂತು, ಕೊಬ್ಬರಿ ಹೋಳಿನಂಥ ಚೂರುಗಳನ್ನು ಒಂದೊಂದಾಗಿ ಬಿಡಿಸಿತು. ಕುರಿ ಅತ್ತಿತ್ತ ಕಾಲು ಒದರಿದರೂ ಚುಚ್ಚಲು ಮೊನೆಯಿಲ್ಲ. ಒಳಗಿನ ಮಾಂಸದ ತಿಳಿ ಗುಲಾಬಿ ಬಣ್ಣ ಕಾಣುವ ಹೊತ್ತಿಗೆ ಕೈ ತಾನಾಗಿ ನಿಲ್ಲುತ್ತಿತ್ತು. ಎರಡು ವರ್ಷ ಡಬ್ಬಿಯ ತಳದಲ್ಲಿದ್ದ ಚಾಕು ಇದೇನಾ ಎನ್ನಿಸಿತು.

ಸಂಜೆಯೊಳಗೆ ಹತ್ತೊಂಬತ್ತೂ ಮುಗಿದವು. ಹಬ್ಬ ಕಳೆದ ಮೂರನೆಯ ದಿನ ಮಂದೆ ಹೊರಟಿತು, ಒಂದೂ ಹಿಂದೆ ಬೀಳಲಿಲ್ಲವೆಂದು ಆಮೇಲೆ ಕೇಳಿದೆ. ಚಾಕು ಅಲ್ಲೇ ಉಳಿಯಿತು. ಬಿಟ್ಟಿ ಬಂದ ಕಬ್ಬಿಣ ನಿಲ್ಲುವುದಿಲ್ಲವೆಂದು ಅಜ್ಜಿ ತಾವೇ ನೂತ ಒಂದು ಉಂಡೆ ಕರಿ ಉಣ್ಣೆಯ ದಾರವನ್ನು ನೆಲದ ಮೇಲಿಟ್ಟರು. ನನ್ನ ಗೀಟುಗಳ ಕಟ್ಟನ್ನು ಅದರಲ್ಲೇ ಕಟ್ಟಿದ್ದೇನೆ.

ಇಂದಿಗೆ ಲೆಕ್ಕ ಮೂವತ್ತೊಂದು: ಮಧುಗಿರಿ ಹನ್ನೊಂದು, ಶಿರಾ ಒಂಬತ್ತು, ಪಾವಗಡ ಏಳು, ಕೊರಟಗೆರೆ ನಾಲ್ಕು. ಒಂಬತ್ತನೆಯದರ ಎದುರು 'ತುದಿ ಸವೆದದ್ದು' ಎಂಬುದನ್ನು ಹೊಡೆದು 'ಕೆಲಸದಲ್ಲಿದೆ' ಎಂದು ಬರೆದೆ. ಹಾಗೆ ಬರೆಸಿಕೊಂಡದ್ದು ಅದೊಂದೇ.

ಹಟ್ಟಿಯ ತಾತನ ಅಪ್ಪ ನಿಜಕ್ಕೂ ಮೊನೆ ತಿಕ್ಕಿದ್ದರೇ ಎಂಬುದು ಮಾತ್ರ ತೀರ್ಮಾನವಾಗಿಲ್ಲ. ಆ ಚಾಕು ನಾನು ನೋಡಿಲ್ಲ, ನೋಡದೆ ಬರೆಯುವುದು ನನ್ನ ಪದ್ಧತಿಯಲ್ಲ. ಬಂಡೆಗೆ ತಿಕ್ಕಿದ್ದರೆ ಅಲಗಿನ ಇಳಿಜಾರಿನ ಮೇಲೆ ಅಡ್ಡ ಗೀರುಗಳಿರಬೇಕು, ಇಲ್ಲದಿದ್ದರೆ ನುಣುಪಾಗಿರಬೇಕು. ಬಡವನಹಳ್ಳಿ, ಪುರವರ, ಪಾವಗಡ ದಾರಿಯಲ್ಲಿ ಯಾರಿಗಾದರೂ ಕೊಂಬಿನ ಹಿಡಿಯ, ಒಂದೇ ಅಲಗಿನ, ನಡುವೆ ತಾಮ್ರದ ಮೊಳೆಯಿರುವ ಚಾಕು ಸಿಕ್ಕಿದ್ದರೆ ಆ ಇಳಿಜಾರನ್ನು ಬಿಸಿಲಿಗೆ ಹಿಡಿದು ನೋಡಿ, ಕಂಡದ್ದನ್ನು ಈ ಪತ್ರಿಕೆಗೆ ಒಂದು ಕಾರ್ಡಿನಲ್ಲಿ ಬರೆಯಿರಿ. ಚಾಕು ನಿಮ್ಮಲ್ಲೇ ಇರಲಿ ಎಂದು ತಾತ ಹೇಳಿದ್ದಾರೆ. ಅವರಿಗೆ ಗೀರಿನ ವಿಷಯ ತಿಳಿದರೆ ಸಾಕು. ಈ ಆಕಾರಕ್ಕೆ ಅದನ್ನು ಮಾಡಿದವರು ಏನು ಹೆಸರಿಟ್ಟಿದ್ದರೆಂದು ಬಲ್ಲವರಿದ್ದರೆ ಅದನ್ನೂ ಬರೆಯಿರಿ. ಕೆಟಲಾಗಿನ ಆ ಹಾಳೆ ಇಲಿಯ ಪಾಲಾಗಿದೆ.