ವೈನ್ ಹಾಕೋ ಹುಡುಗಿ

ನನ್ನನ್ನು ನೋಡಲು ಬಂದ ಮೊದಲ ಗಂಡು ಜಗಳೂರಿನವನು. ಬಂದ, ಕೂತ, ಕೇಸರಿಬಾತು ತಿಂದ, ಹವ್ಯಾಸ ಏನು ಎಂದು ಕೇಳಿದ. ಕಂಪ್ಯೂಟರಿನಲ್ಲಿ ಗೇಮ್ ಆಡುತ್ತೇನೆ ಎಂದೆ. "ಅದೆಲ್ಲ ಮದುವೆ ಆದ್ಮೇಲೆ ತಾನಾಗೇ ಬಿಟ್ಟೋಗ್ತೈತೆ ಬಿಡ್ರಿ" ಎಂದು ನಕ್ಕ, ನನಗೇನೋ ಜ್ವರ ಬಂದಿದೆ ಅನ್ನುವ ಹಾಗೆ. ಮೈಯೆಲ್ಲ ಉರಿದುಹೋಯಿತು. ಆ ಸಂಬಂಧವನ್ನು ನಾನೇ ಬಿಟ್ಟೆ.

ನಾನಾಗ ಚನ್ನಗಿರಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದೆ. ದಾವಣಗೆರೆಯಿಂದ ಒಂದೊಂದೇ ಬಿಡಿಭಾಗ ತಂದು, ನಾನೇ ಕೂತು ಜೋಡಿಸಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡ ಯಂತ್ರ ನನ್ನದು. ಅದರಲ್ಲಿ ನನ್ನ ಪ್ರೀತಿಯ ಆಟ, ಟ್ರ್ಯಾಕ್ಟರ್ ಓಡಿಸಿ ಬೇಸಾಯ ಮಾಡುವುದು. "ಅಂಗಳದಾಗೆ ನಿಜವಾದ ಟ್ರ್ಯಾಕ್ಟರ್ ನಿಂತೈತೆ, ಇವ್ಳು ಒಳಗೆ ಕೂತು ಸುಳ್ಳು ಹೊಲ ಉಳ್ತಾಳೆ" ಎಂದು ಅಪ್ಪ ಗೇಲಿ ಮಾಡುತ್ತಿದ್ದರು. ನಿಜವಾದದ್ದರ ಕೀಲಿಯನ್ನು ನನ್ನ ಕೈಗೆ ಯಾರು ಕೊಟ್ಟಿದ್ದರು? ಬರಬರುತ್ತಾ ಅಪ್ಪನೂ ಭಾನುವಾರ ಕುರ್ಚಿ ಎಳೆದುಕೊಂಡು ಸುಳ್ಳು ಹೊಲ ಉಳತೊಡಗಿದರು, ಅದು ಬೇರೆ ಮಾತು.

ಎರಡನೆಯ ಗಂಡು ಹೊನ್ನಾಳಿಯಿಂದ ಬರುವ ದಿನ ಸೋದರತ್ತೆ ಬೆಳಿಗ್ಗೆಯೇ ಎಚ್ಚರಿಸಿದರು. "ಹವ್ಯಾಸ ಕೇಳಿದ್ರೆ ರಂಗೋಲಿ ಅನ್ನು. ಗೇಮು ಗೀಮು ಅಂದ್ಯೋ, ನಾನಿನ್ನು ಈ ಮನೆ ಹೊಸಲು ತುಳಿಯಲ್ಲ." ಹೂಂ ಎಂದೆ. ಮನಸ್ಸಿನಲ್ಲಿ ಮಾತ್ರ ಒಂದೇ ಹಟ: ಈ ಯಂತ್ರಕ್ಕೆ ಜಾಗವಿಲ್ಲದ ಮನೆಗೆ ನಾನೂ ಹೋಗುವುದಿಲ್ಲ.

ಹುಡುಗ, ಅವನ ತಾಯಿ, ನ್ಯಾಮತಿಯಲ್ಲಿರುವ ಅವನ ಸೋದರಮಾವ ಬಂದರು. ಉಪ್ಪಿಟ್ಟು ಮುಗಿದ ಮೇಲೆ ನಮ್ಮಿಬ್ಬರನ್ನೂ "ಮಾತಾಡ್ಕೊಂಡು ಬರ್ರಿ" ಎಂದು ಒಳಕೋಣೆಗೆ ಕಳಿಸಿದರು. ಬಾಗಿಲು ಮಾತ್ರ ಅರ್ಧ ತೆರೆದೇ ಇರಬೇಕು, ಮರ್ಯಾದಸ್ಥರ ಮನೆ ನೋಡಿ. ಮಹಾಶಯ ನನ್ನ ಮುಖ ನೋಡುವ ಮೊದಲು ಮೇಜಿನ ಮೇಲಿದ್ದ ಯಂತ್ರ ನೋಡಿದ.

"ಲಿನಕ್ಸಾ? ಇದ್ರಲ್ಲಿ ಅರ್ಜಿ ಟೈಪ್ ಮಾಡ್ಬೋದು ಅಷ್ಟೇ. ಗೇಮ್ ಆಡಾಕೆ ಕನ್ಸೋಲೇ ಬೇಕ್ರೀ. ಟಿವಿಗೆ ಸಿಗಿಸು, ಆನ್ ಮಾಡು, ಆಡು."

ರಂಗೋಲಿ ಮರೆತೇಹೋಯಿತು. "ಕನ್ಸೋಲು ಬಾಡಿಗೆ ಮನೆ ಇದ್ದಂಗ್ರೀ. ಒಂದು ಮೊಳೆ ಹೊಡಿಯಾಕೂ ಓನರ್‌ನ ಕೇಳ್ಬೇಕು" ಎಂದೆ.

"ನಿಮ್ದು ಸ್ವಂತ ಮನೇನೇ, ಒಪ್ತೀನಿ. ಆದ್ರೆ ಸೋರ್ತೈತೆ. ಆಡೋದು ಬಿಟ್ಟು ಹೆಂಚು ಜೋಡಿಸ್ತಾ ಕೂರ್ಬೇಕು. ನಾಲ್ಕು ಜನ ಸೇರಿ ಆಡೋ ದೊಡ್ಡ ದೊಡ್ಡ ಗೇಮ್ ಎಷ್ಟೋ ನಿಮ್ಮಲ್ಲಿ ಓಡೋದೇ ಇಲ್ಲ."

ಮಾತು ನಿಜ, ಅದಕ್ಕೇ ಸಿಟ್ಟು ನೆತ್ತಿಗೇರಿತು. ವಿಂಡೋಸ್‌ಗೆಂದು ಮಾಡಿದ ಆಟಗಳನ್ನು ಲಿನಕ್ಸಿನಲ್ಲಿ ಓಡಿಸಲು ಒಂದು ಸಾಫ್ಟ್‌ವೇರ್ ಇದೆ. ಅದನ್ನು ಬರೆದ ಪುಣ್ಯಾತ್ಮರು ಅದಕ್ಕಿಟ್ಟ ಹೆಸರು ವೈನ್. ನಾನು ದನಿ ಎತ್ತರಿಸಿ ಅಂದೆ: "ಯಾಕ್ರೀ ಓಡಲ್ಲ? ವೈನ್ ಹಾಕಿದ್ರೆ ಎಲ್ಲಾ ನಡಿತೈತೆ! ದಿನಾ ಸಂಜೆ ನಾನು ವೈನ್ ಮೇಲೇ ನಡೆಸೋದು!"

ಹೊರಗೆ ಮಾತು ನಿಂತುಹೋಯಿತು. ನಾವು ಈಚೆ ಬಂದಾಗ ಯಾರೂ ನನ್ನ ಮುಖ ನೋಡಲಿಲ್ಲ. ನ್ಯಾಮತಿ ಮಾವ ಮಾತ್ರ ಬಹಳ ಮೆತ್ತಗೆ, "ಯಾವಾಗಿಂದ ಐತವ್ವ ಈ ಅಭ್ಯಾಸ?" ಎಂದರು.

ಗೇಮಿನ ವಿಷಯ ಎಂದುಕೊಂಡೆ. "ಕಾಲೇಜಿಂದ್ಲೇ. ಮೊದ್ಲು ಗೆಳತಿ ಮನೇಲಿ. ಸಂಬಳ ಬರಾಕೆ ಶುರುವಾದ್ಮೇಲೆ ನಮ್ಮನೇಲೇ ವ್ಯವಸ್ಥೆ ಮಾಡ್ಕೊಂಡೆ."

"ಅಪ್ಪಾರಿಗೆ ಗೊತ್ತೈತಾ?"

"ಗೊತ್ತಿಲ್ದೆ ಏನು, ಭಾನುವಾರ ಅಪ್ಪಾನೂ ಜೊತೆಗೆ ಕೂರ್ತಾರೆ."

ಅಂಗಳದಲ್ಲಿ ಫೋನು ಮುಗಿಸಿ ಆಗಷ್ಟೇ ಒಳಬಂದ ಅಪ್ಪನಿಗೆ ಇಷ್ಟೇ ಕೇಳಿಸಿತ್ತು. "ನಂಗೂ ಚಟ ಹತ್ತಿಸ್ಬಿಟ್ಲು ನೋಡ್ರಿ" ಎಂದು ಹೆಮ್ಮೆಯಿಂದ ಬೀಗಿದರು.

ಮಾವ ಎದ್ದು ಟವೆಲ್ ಕೊಡವಿದರು. "ನಮ್ದು ಲಿಂಗ ಕಟ್ಟಿಕೊಂಡ ಮನೆ. ಬರ್ತೀವ್ರಿ." ಸೋದರತ್ತೆ ಸೆರಗು ಬಾಯಿಗೊತ್ತಿಕೊಂಡು ಅಳಲು ಶುರುಮಾಡಿದರು. ಮೊದಲು ಹೊಳೆದದ್ದು ಹುಡುಗನಿಗೆ. ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಮಾವ, ಅದು ಕುಡಿಯೋದಲ್ಲ, ಕಂಪ್ಯೂಟರಿಗೆ ಹಾಕೋದು" ಎಂದ. ಕಂಪ್ಯೂಟರಿಗೆ ಯಾರಾದರೂ ವೈನ್ ಹಾಕುತ್ತಾರೆಯೇ? ಮಾವ ನಂಬಲಿಲ್ಲ. ತೋರಿಸು ಎಂದರು.

ಎಲ್ಲರೂ ಕೋಣೆಗೆ ನುಗ್ಗಿದರು. ನನ್ನ ಆಟ ತೆರೆದೆ. ನನ್ನ ಕರ್ಮ, ಪರದೆಯ ಮೇಲೆ ಮೊದಲು ಕಂಡದ್ದೇ ಕೆಂಪು ವೈನ್ ತುಂಬಿದ ಗ್ಲಾಸಿನ ಚಿತ್ರ. ಆ ಸಾಫ್ಟ್‌ವೇರಿನ ಗುರುತೇ ಅದು. "ಕುಡಿಯೋದಲ್ಲ ಅಂದ್ಯಲ್ಲೋ!" ಎಂದು ಮಾವ ಅಳಿಯನ ಮೇಲೆ ಎಗರಿದರು. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು, ಹೊಲ ಬಂತು, ನಾನು ಒಂದು ಸಾಲು ಉತ್ತು ತೋರಿಸಿದೆ. ಮಾವ ಬಗ್ಗಿ, "ಇದ್ಯಾವ ಊರ ಹೊಲ?" ಎಂದರು. ಎಲ್ಲರಿಗೂ ಉಸಿರು ಬಂತು.

ಅಲ್ಲಿಯತನಕ ಬಾಯಿ ಬಿಡದಿದ್ದ ಹುಡುಗನ ತಾಯಿ ಆಗ ಕೇಳಿದರು: "ಮದುವೆ ಆದ್ಮೇಲೆ ಇದನ್ನ ಬಿಡ್ತೀಯೇನವ್ವ?"

ಸೋದರತ್ತೆ ಹಿಂದಿನಿಂದ ನನ್ನ ರಟ್ಟೆ ಚಿವುಟಿದರು. ಆ ನಗುವ ಕನ್ಸೋಲ್ ಭಕ್ತ ಅಷ್ಟರಲ್ಲಿ ನನಗೆ ಇಷ್ಟವಾಗಿಬಿಟ್ಟಿದ್ದ. ಹೂಂ ಎಂದುಬಿಡಲೇ ಎಂದು ನಾಲಿಗೆ ತುದಿಯವರೆಗೆ ಬಂತು. ಅವನನ್ನು ಕಳೆದುಕೊಳ್ಳುವ ಭಯ ನಿಜವಾಗಿಯೂ ಇತ್ತು.

"ಇಲ್ರೀ. ಬಿಡಲ್ಲ" ಎಂದೆ.

ಅವರು ಪರದೆಯನ್ನೇ ನೋಡುತ್ತಿದ್ದರು. "ಬಿಡಬ್ಯಾಡ. ನಾನು ಕೊಕ್ಕೊ ಆಡ್ತಿದ್ದೆ, ತಾಲ್ಲೂಕಿಗೇ ಮೊದ್ಲು ಬಂದಿದ್ವಿ. ಬಿಡು ಅಂತ ಯಾರೂ ಹೇಳ್ಲಿಲ್ಲ ಕಣವ್ವ. ತಾನಾಗೇ ಬಿಟ್ಟೋತು."

ಹೊನ್ನಾಳಿಯ ಮನೆಗೆ ಬೀರು, ಮಂಚದ ಜೊತೆ ನನ್ನ ಯಂತ್ರವೂ ಹೋಯಿತು. ಜಗಳವಂತೂ ಇನ್ನೂ ಮುಗಿದಿಲ್ಲ. ಮೊನ್ನೆ ಗಂಡ ಕೈಯಲ್ಲಿ ಹಿಡಿದು ಆಡುವ ಹೊಸ ಕನ್ಸೋಲ್ ತಂದು ಮೆರೆದ. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಒಳಗೆ ಕೂತಿರುವುದು ಲಿನಕ್ಸೇ! ಇನ್ನು ಮುಂದೆ ಎಲ್ಲ ಕನ್ಸೋಲಿನ ಹೊಟ್ಟೆಯಲ್ಲೂ ಇದೇ ಇರೋದು, ಗೆದ್ದೆವು ಎಂದು ನಾನು ಕುಣಿದೆ. "ಲಿನಕ್ಸ್ ಅಂತ ಗೊತ್ತೇ ಆಗ್ದಂಗೆ ಆನ್ ಮಾಡಿ ಆಡ್ತಾರೆ ಅಂದ್ಮೇಲೆ ಗೆದ್ದಿದ್ದು ಕನ್ಸೋಲೇ ಕಣೇ" ಎಂದ ಅವನು. ಮುಂದಿನ ಕಾಲ ಯಾರದು ಎಂದು ಮನೆ ಹಾರಿಹೋಗುವಂತೆ ಕೂಗಾಡಿದೆವು.

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. "ಅದಿರ್ಲಿ, ಎರಡ್ರಾಗೆ ಕೊಕ್ಕೊ ಯಾವುದ್ರಾಗೈತೆ?"

ಅವನು ತನ್ನದರಲ್ಲಿ ಹುಡುಕಿದ, ನಾನು ನನ್ನದರಲ್ಲಿ ಹುಡುಕಿದೆ. ಅತ್ತೆ ಕನ್ನಡಕ ಹಾಕಿಕೊಂಡು ನಮ್ಮ ಬೆನ್ನ ಹಿಂದೆ ಕಾಯುತ್ತಾ ನಿಂತಿದ್ದರು. ಎಲ್ಲೂ ಸಿಗಲಿಲ್ಲ.

"ಹಂಗಾರೆ ಟ್ರ್ಯಾಕ್ಟರೇ ಕೊಡು" ಎಂದರು. ನಾನು ಕುರ್ಚಿ ಬಿಟ್ಟು ಎದ್ದೆ.