ಚಿತ್ರದ ಕೆಳಗೆ ನಾನು ಬರೆದ ಹೆಸರು

೧೯೯೯ರಲ್ಲಿ ನಾನು ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆ ಸಮೀಪದ ಹೈಸ್ಕೂಲೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದೆ. ಶಾಲೆಯ ವಸ್ತುಪ್ರದರ್ಶನಕ್ಕೆ ಒಂದು ವಾರವಿರುವಾಗ ಒಂಬತ್ತನೆಯ ತರಗತಿಯ ಸಫಿಯಾ ಕಪ್ಪು ಇಂಕಿನಲ್ಲಿ ಬರೆದ ಚಿತ್ರವೊಂದನ್ನು ನನಗೆ ತೋರಿಸಿದಳು. ಗೋಡೆಗೆ ಮುಖಮಾಡಿ ಕುಳಿತ ಒಬ್ಬ ಗಂಡಸು.

ಮನುಷ್ಯಾಕೃತಿ ಬರೆಯುವಾಗ ತಲೆಯ ಅಳತೆ ಹಿಡಿದು ಉಳಿದ ಅಂಗಗಳನ್ನು ಕೂರಿಸಲು ನಾವು ಕಲಿಸುತ್ತೇವೆ. ಅವಳು ಅದನ್ನೆಲ್ಲ ಬಿಟ್ಟಿದ್ದಳು. ಬೆನ್ನು ಒಂದೇ ದಪ್ಪ ಗೆರೆ; ಸೊಂಟದ ಹತ್ತಿರ ಬ್ರಷ್‌ನ ಇಂಕು ಮುಗಿದು ಗೆರೆ ಒಡೆದುಹೋಗಿತ್ತು. ಕಾಲುಗಳು ಇದ್ದೂ ಇಲ್ಲದಂತಿದ್ದವು. ನನ್ನ ಕೈಯಿಂದ ಎಂದೂ ಬಾರದ ಗೆರೆ ಅದು.

"ಇದು ಅಪ್ಪ. ಗಲ್ಫಿನಲ್ಲಿ ಕಟ್ಟಡದಿಂದ ಬಿದ್ದು ಊರಿಗೆ ಬಂದದ್ದು" ಎಂದಳು. "ಪ್ರದರ್ಶನಕ್ಕೆ ಬೇಡ ಟೀಚರ್."

ಇಂಥದ್ದನ್ನು ಅಡಗಿಸಿಡಬಾರದೆಂದು ನಾನೇ ಹಟ ಹಿಡಿದೆ. ಬಾಗಿಲಿನ ಎದುರಿಗೇ ತೂಗುಹಾಕಿ, ಕೆಳಗೆ ಚೀಟಿಯಲ್ಲಿ 'ಸೋತ ಮನುಷ್ಯ' ಎಂದು ಬರೆದೆ. ಅವಳನ್ನು ಕೇಳಲಿಲ್ಲ.

ಪ್ರದರ್ಶನದ ಎರಡನೆಯ ದಿನ ಮಧ್ಯಾಹ್ನ ಅವಳ ತಂದೆ ಹಮೀದ್ ಕೋಲೂರಿಕೊಂಡು ಬಂದರು. ಚಿತ್ರದ ವಿಷಯ ಯಾರೋ ಹೇಳಿದ್ದರಂತೆ. ಬಹಳ ಹೊತ್ತು ನೋಡಿದರು.

"ಚಂದ ಉಂಟು. ನನ್ನ ಬೆನ್ನು ಹೀಗೇ" ಎಂದರು. ಮತ್ತೆ ಚೀಟಿ ತೋರಿಸಿ ಕೇಳಿದರು: "ನಾನು ಸೋತಿದ್ದೇನೆ ಅಂತ ಮಗಳು ಹೇಳಿದ್ದಾ?"

"ಇಲ್ಲ, ಅದು ನಾನು ಬರೆದದ್ದು."

"ಅವಳನ್ನು ಬೈಯುವುದಿಲ್ಲ ಟೀಚರ್. ಅವಳಿಗೋಸ್ಕರ ನೀವು ಸುಳ್ಳು ಹೇಳುವುದು ಬೇಡ."

ಅಕ್ಷರ ನನ್ನದೆಂದು ಹಾಜರಿ ಪುಸ್ತಕ ತಂದು ತೋರಿಸಿದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಅಕ್ಷರ ಟೀಚರದ್ದಾದರೂ ಮಾತು ಮಗಳದ್ದೇ ಎಂಬುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆಮೇಲೆ ಸಫಿಯಾ ಬ್ರಷ್ ಮುಟ್ಟಲಿಲ್ಲ. ಎರಡು ತಿಂಗಳ ನಂತರ ಕ್ಷಮೆ ಕೇಳಲೆಂದು ಅವರ ಮನೆಗೆ ಹೋದೆ. ಹಮೀದ್ ಉಪಚಾರದ ಮಾತಾಡಿದರೇ ಹೊರತು ಚಿತ್ರದ ಸುದ್ದಿ ಎತ್ತಲು ಬಿಡಲಿಲ್ಲ. ಗೇಟಿನವರೆಗೆ ಬಂದ ಸಫಿಯಾ ಮೆಲ್ಲಗೆ ಹೇಳಿದಳು:

"ಈಗ ನಾನು ಹತ್ತಿರ ಹೋದರೆ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ತಾರೆ ಟೀಚರ್. ನೋವು ತಡೆಯಲಿಕ್ಕೆ ಆಗುವುದಿಲ್ಲ, ಆದರೂ. ನಾನು ಅವರ ಕೋಣೆಗೆ ಹೋಗುವುದೇ ಕಡಿಮೆ ಮಾಡಿದ್ದೇನೆ."

ಮುಂದೆ ಮೂಡುಬಿದಿರೆಯಲ್ಲಿ ನಿವೃತ್ತಳಾಗುವವರೆಗೂ ನೂರಾರು ಚಿತ್ರಗಳನ್ನು ತೂಗುಹಾಕಿದೆ. ಅಂದು ಗೆರೆಯನ್ನು ಮೆಚ್ಚುವ ಅವಸರದಲ್ಲಿ, ಆ ಗೆರೆಯೊಳಗೆ ಕುಳಿತವನು ಬದುಕಿರುವ ಮನುಷ್ಯ ಎಂಬುದನ್ನು ನಾನು ಮರೆತಿದ್ದೆ. ಇದನ್ನು ಕಲಿತದ್ದರಿಂದ ಆ ಮನೆಯಲ್ಲಿ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ.